ಮಾವನವರ ಪಿನ್ನು, ಹುಡುಗನ ಟ್ಯಾಂಕು

ಕಳೆದ ವರ್ಷದ ಸಂಚಿಕೆಯಲ್ಲಿ ಊರಿನಿಂದ ಸೂಟ್‌ಕೇಸ್ ತುಂಬಾ ತರುವ ಮಾತ್ರೆಗಳ ಬಗ್ಗೆ ಬರೆದಿದ್ದೆವು. ಓದಿದ ಕೆಲವು ಮಿತ್ರರು ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಲ್ಲಿಸಿ, "ಸ್ವಾಮಿ, ಮಾತ್ರೆ ಸಾಕು, ಈ ಸಲ ಏನಾದರೂ ರಜೆಯ ವಿಷಯ ಬರೀರಿ" ಎಂದರು. ಆಗಲಿ ಎಂದೆವು. ಈ ಸಲದ ವಿಷಯ ಟೆಕ್ಸಸ್, ಒಂದು ಆಟಿಕೆ ಟ್ಯಾಂಕು, ಅದರ ಸರಪಳಿ. ಮಾತ್ರೆ ನಡುವೆ ಬಂದೇ ಬರುತ್ತದೆ. ಆಸ್ಪತ್ರೆಯ ಔಷಧ ಕಿಟಕಿಯ ಹಿಂದೆ ಇಪ್ಪತ್ತು ವರ್ಷ ನಿಂತವರು ರಜೆ ಹಾಕಿದರೂ ಮಾತ್ರೆ ಅವರಿಗೆ ರಜೆ ಕೊಡುವುದಿಲ್ಲ.

(ನಮ್ಮ ಮನೆಯವರಿಗೆ ಈ ಅಂಕಣದ "ನಾವು" ಬಗ್ಗೆ ತಕರಾರಿದೆ. "ತಪ್ಪು ಮಾಡಿದ್ದು ನೀವು, ಬರೆಯುವಾಗ ಮಾತ್ರ ನಾವು" ಎನ್ನುತ್ತಾರೆ. ಈ ಸಲದ ತಪ್ಪಿನಲ್ಲಿ ಅವರ ಪಾಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇವೆ.)

ಕಳೆದ ಜುಲೈಯಲ್ಲಿ ಮಕ್ಕಳ ಶಾಲೆಗೆ ರಜೆ ಬಿದ್ದ ಮೇಲೆ ನಾವು ನಾಲ್ವರು ಹದಿನಾರು ಗಂಟೆ ವಿಮಾನದಲ್ಲಿ ಕೂತು ಡಲ್ಲಾಸ್‌ಗೆ ಇಳಿದೆವು. ಬಾಮೈದನ ಮನೆ ಡಲ್ಲಾಸ್‌ಗೆ ಅಂಟಿಕೊಂಡ ಅರ್ವಿಂಗ್ ಎಂಬ ಊರಿನಲ್ಲಿ. ವಿಮಾನ ನಿಲ್ದಾಣದ ಹೊರಗೆ ಬಂದಾಗ ಅವನು, "ಭಾವ, ಸೆಕೆ ತಡೆಯೋಕೆ ಆಗಲ್ಲ ನೋಡಿ" ಎಂದ. ನಾವು ನಕ್ಕೆವು. ಆಗಸ್ಟ್ ತಿಂಗಳಲ್ಲಿ ಕಾರಿನ ಸ್ಟೀರಿಂಗ್‌ಗೆ ಟವೆಲ್ ಸುತ್ತಿ ಓಡಿಸುವ ಗಲ್ಫಿನ ಜನಕ್ಕೆ ಟೆಕ್ಸಸ್ ಸೆಕೆ ಏನು ಮಹಾ!

ಹೋದದ್ದಕ್ಕೆ ಮುಖ್ಯ ಕಾರಣ ಮಾವನವರು. ವಯಸ್ಸು ಎಪ್ಪತ್ತನಾಲ್ಕು. ಅತ್ತೆ ಹೋದ ಮೇಲೆ ಬಂಗಾರಪೇಟೆಯ ಮನೆಯಲ್ಲಿ ಒಬ್ಬರೇ, ಅಡುಗೆಗೊಬ್ಬರು ಬಂದು ಹೋಗುತ್ತಾರೆ. ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಏಪ್ರಿಲ್‌ನಲ್ಲಿ ಮಗನ ಮನೆಗೆಂದು ಅಮೆರಿಕಕ್ಕೆ ಬಂದಿದ್ದರು, ಸೆಪ್ಟೆಂಬರ್‌ನಲ್ಲಿ ವಾಪಸ್ ಟಿಕೆಟ್ಟು. ಬಂದು ಎರಡು ತಿಂಗಳಾಗುವಷ್ಟರಲ್ಲಿ ಬಾಮೈದನ ಫೋನು: "ಅಕ್ಕಾ, ಅಪ್ಪನಿಗೆ ಜಾಸ್ತಿ ಆಗ್ತಿದೆ. ಬೆಳಿಗ್ಗೆ ಹೊತ್ತು ಕುರ್ಚಿಯಿಂದ ಏಳೋಕೇ ಆಗಲ್ಲ." ನಮ್ಮ ಮನೆಯವರು ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ.

ನಾವು ಕಂಡ ಮಾವನವರು ಹಾಗೇ ಇದ್ದರು. ಬೆಳಿಗ್ಗೆ ಒಂಬತ್ತಕ್ಕೆ ಸೋಫಾದ ತುದಿಯಲ್ಲಿ ಮರದ ಹಾಗೆ ಕೂತಿದ್ದರು. ಮುಖದಲ್ಲಿ ಏನೂ ಇಲ್ಲ, ಬಲಗೈ ಹೆಬ್ಬೆರಳು ಬೀಡಿ ಹೊಸೆಯುವ ಹಾಗೆ ತೋರುಬೆರಳಿನ ಮೇಲೆ ತಿರುಗುತ್ತಿತ್ತು. ನಮ್ಮನ್ನು ನೋಡಿ, "ಬಂದ್ರಾ ಅಳಿಯಂದ್ರೆ" ಎನ್ನುವುದಕ್ಕೂ ಹೊತ್ತು ಹಿಡಿಯಿತು.

ಇನ್ನು ಟ್ಯಾಂಕಿನ ವಿಷಯ. ಬಾಮೈದನ ಮಗನಿಗೆ ಹದಿಮೂರು ವರ್ಷ. ಹುಟ್ಟುಹಬ್ಬಕ್ಕೆ ಬಂದ ಒಂದು ರೇಡಿಯೊ ಕಂಟ್ರೋಲ್ ಶರ್ಮನ್ ಟ್ಯಾಂಕು ಅವನ ಪ್ರಾಣ. ಎರಡನೇ ಮಹಾಯುದ್ಧದ ಅಮೆರಿಕದ ಟ್ಯಾಂಕಿನ ಹದಿನಾರನೇ ಒಂದು ಅಳತೆಯ ಮಾದರಿ, ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ. ಗೋಪುರ ತಿರುಗುತ್ತದೆ, ತೋಪು ಏಳುತ್ತದೆ, ಹೊಗೆ ಬಿಡುತ್ತದೆ, ಗುರ್ ಎನ್ನುತ್ತದೆ. ಓಡುವುದು ಮಾತ್ರ ನಿಂತಿತ್ತು. ಪ್ಲಾಸ್ಟಿಕ್ ಟ್ರ್ಯಾಕಿನ ಕೊಂಡಿಗಳು ಮುರಿದಿದ್ದವು.

ಮುರಿದದ್ದು ಯಾಕೆಂದು ಹಿತ್ತಲಿಗೆ ಹೋದರೆ ಗೊತ್ತಾಗುತ್ತದೆ. ಡಲ್ಲಾಸ್ ಸುತ್ತಿನದು ನಮ್ಮ ಗದಗ, ಧಾರವಾಡ ಕಡೆಯಂಥ ಎರೆಮಣ್ಣು. ಮಳೆ ಬಂದರೆ ಹಿಟ್ಟಿನ ಹಾಗೆ ಅಂಟುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಲ್ಲಿನ ಜನ ಬೇಸಿಗೆಯಲ್ಲಿ ಮನೆಯ ಪಾಯಕ್ಕೆ ಪೈಪು ಹಾಕಿ ನೀರುಣಿಸುತ್ತಾರೆ, ಇಲ್ಲದಿದ್ದರೆ ಮಣ್ಣು ಕುಗ್ಗಿ ಗೋಡೆ ಸೀಳುತ್ತದೆ. ಗಿಡಕ್ಕಲ್ಲ, ಮನೆಗೆ ನೀರು ಹಾಕುವುದನ್ನು ನಾವು ಅಲ್ಲೇ ಮೊದಲು ಕಂಡದ್ದು. ಆ ಪೈಪಿನ ಪಕ್ಕದ ಕೆಸರಿನಲ್ಲಿ ಹುಡುಗ ಟ್ಯಾಂಕು ಓಡಿಸಿದ್ದ. ಕೆಸರು ಹಲ್ಲುಚಕ್ರದ ಸಂದಿಯಲ್ಲಿ ತುಂಬಿ ಒಣಗಿ, ಟ್ರ್ಯಾಕು ಬಿಗಿದು, ಕೊಂಡಿ ಪಟ್ ಎಂದಿತ್ತು.

ಹುಡುಗ ಜೇಬುಖರ್ಚು ಕೂಡಿಟ್ಟು ಲೋಹದ ಟ್ರ್ಯಾಕ್ ತರಿಸಿದ್ದ. ನಾವು ಹೋದ ದಿನ ಅದನ್ನು ಹಾಕಿಯೂ ಆಗಿತ್ತು. ಹುಲ್ಲಿನ ಮೇಲೆ ಬಿಟ್ಟರೆ ಹತ್ತು ಅಡಿ ಹೋಗಿ, ಕಟಕಟ ಸದ್ದು ಮಾಡಿ, ಒಂದು ಕಡೆಯ ಟ್ರ್ಯಾಕ್ ಕಳಚಿಕೊಂಡು ಹಾವಿನ ಪೊರೆಯ ಹಾಗೆ ಹಿಂದೆ ಬಿದ್ದಿತು. ಮತ್ತೆ ಹಾಕಿದ, ಮತ್ತೆ ಬಿತ್ತು. ಮೂರನೇ ಸಲಕ್ಕೆ ಹುಡುಗನ ಕಣ್ಣಲ್ಲಿ ನೀರು.

ಹನ್ನೊಂದು ಗಂಟೆ ಹೊತ್ತಿಗೆ ಮಾವನವರು ಮೆಲ್ಲಗೆ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ನಾವು ಗಮನಿಸಿರಲಿಲ್ಲ.

"ತೊಗೊಂಡ್ ಬಾ ಇಲ್ಲಿ" ಎಂದರು.

ಹುಡುಗ ಟ್ಯಾಂಕನ್ನು ಮೇಜಿನ ಮೇಲಿಟ್ಟ. ಮಾವನವರು ಕನ್ನಡಕ ಮೂಗಿನ ಮೇಲೆ ಸರಿಸಿ, ಮುಂದಿನ ಹಲ್ಲುಚಕ್ರವನ್ನು ಉಗುರಿನಲ್ಲಿ ತಡವಿದರು. "ಚೈನು ಹೊಸದು, ಸ್ಪ್ರಾಕೆಟ್ಟು ಹಳೇದು. ಅದೂ ಪ್ಲಾಸ್ಟಿಕ್ಕು. ಹಲ್ಲು ಸವೆದು ಚೂಪಾಗಿದೆ ನೋಡು. ಇದು ಚೈನನ್ನ ಹಿಡಿಯಲ್ಲ, ಮೇಲಕ್ಕೆ ಎತ್ತಿ ಬಿಸಾಕತ್ತೆ. ಹೀಗೇ ಓಡಿಸಿದ್ರೆ ಹೊಸ ಚೈನನ್ನೂ ತಿಂದ್ಹಾಕತ್ತೆ."

ತಾತ ಇಷ್ಟುದ್ದ ಮಾತಾಡಿದ್ದನ್ನು ಹುಡುಗ ಏಪ್ರಿಲ್‌ನಿಂದ ಕೇಳಿರಲಿಲ್ಲವಂತೆ.

ಓದುಗರಿಗೆ ಹೇಳಲೇಬೇಕು, ನಮ್ಮ ಮಾವನವರು ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1964ರಲ್ಲಿ ಹುಟ್ಟಿದ ಕಂಪನಿ. ಕೆಜಿಎಫ್ ಎಂದರೆ ಈಗಿನವರಿಗೆ ಸಿನಿಮಾ, ಹಿಂದಿನವರಿಗೆ 2001ರಲ್ಲಿ ಮುಚ್ಚಿದ ಚಿನ್ನದ ಗಣಿ. ಆದರೆ ಗಣಿಯ ಪಕ್ಕದಲ್ಲೇ ಡೋಜರ್ ಮಾಡುವ ಈ ಕಾರ್ಖಾನೆ ಎಷ್ಟೋ ಮನೆಗಳ ಒಲೆ ಉರಿಸಿದೆ, ಉರಿಸುತ್ತಿದೆ. ಮಾವನವರದು ಡೋಜರಿನ ಕೆಳಭಾಗ: ಚೈನು, ರೋಲರು, ಐಡ್ಲರು. 1973ರಲ್ಲಿ ಸೇರಿ ನಿವೃತ್ತಿಯವರೆಗೂ ಅದೇ. ಮದುವೆಯಾದ ಹೊಸತರಲ್ಲಿ ನಾವು ಅವರ ಮನೆಗೆ ಹೋದಾಗ, ಅಳಿಯನ ಸಂಬಳ ಎಷ್ಟು ಎಂದು ಕೇಳುವ ಬದಲು ಊಟದ ತಟ್ಟೆಯ ಪಕ್ಕ ಸವೆದ ಒಂದು ಬುಷ್ ಇಟ್ಟು, "ಇದು ಯಾವ ಕಡೆ ಸವೆದಿದೆ ಹೇಳಿ" ಎಂದಿದ್ದರು. ಡಿಪ್ಲೊಮಾ ಫಾರ್ಮಸಿ ಓದಿದ ನಮಗೆ ಏನು ಗೊತ್ತು!

ಆ ಪಾಠ ಈಗ ಮೇಜಿನ ಮೇಲೆ ಹುಡುಗನಿಗೆ ನಡೆಯಿತು. ನಾವು ಪಕ್ಕದಲ್ಲಿ ಕೂತು ಕೇಳಿದೆವು. ಚೈನು ಹಳತಾದರೆ ಉದ್ದವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕಬ್ಬಿಣ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯನ್ನೂ ಮುಂದಿನದಕ್ಕೆ ಸೇರಿಸುವ ಪಿನ್ನು, ಆ ಪಿನ್ನು ಕೂರುವ ಬುಷ್ಷು ಚೂರುಚೂರೇ ಸವೆಯುತ್ತವೆ. ಒಂದೊಂದರಲ್ಲಿ ಅರ್ಧ ಮಿಲಿಮೀಟರ್ ಎಂದರೂ ನಲವತ್ತು ಕೊಂಡಿಗೆ ಇಪ್ಪತ್ತು ಮಿಲಿಮೀಟರ್. ಆಗ ಕೊಂಡಿಯಿಂದ ಕೊಂಡಿಗಿರುವ ದೂರ ಹಲ್ಲಿನಿಂದ ಹಲ್ಲಿಗಿರುವ ದೂರಕ್ಕೆ ಹೊಂದುವುದಿಲ್ಲ. ಹಲ್ಲು ತಪ್ಪು ಜಾಗದಲ್ಲಿ ಒತ್ತುತ್ತದೆ, ತಾನೂ ಸವೆಯುತ್ತದೆ. ಬುಷ್ಷು ಸವೆಯುವುದು ಹಲ್ಲು ಒತ್ತುವ ಒಂದೇ ಕಡೆಗೆ. ಅದಕ್ಕೇ ಅರ್ಧ ಆಯುಸ್ಸು ಕಳೆದ ಮೇಲೆ ಚೈನು ಬಿಚ್ಚಿ, ಬುಷ್ಷನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಪ್ರೆಸ್ ಮಾಡುತ್ತಾರೆ. ಸವೆಯದ ಮಗ್ಗುಲು ಈಗ ದುಡಿಯುತ್ತದೆ. ಮದುವೆಯ ಹೊಸತರಲ್ಲಿ ಕೇಳಿದ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಟೆಕ್ಸಸ್‌ನಲ್ಲಿ.

ಕೆಸರಿಗಿಂತ ಮರಳು ಕೆಟ್ಟದ್ದು, ಒದ್ದೆ ಮರಳು ಇನ್ನೂ ಕೆಟ್ಟದ್ದು, ಪಿನ್ನಿನ ಸಂದಿಗೆ ಹೋಗಿ ಅರದ ಹಾಗೆ ಉಜ್ಜುತ್ತದೆ ಎಂದರು. ಇಲ್ಲಿ ನಮ್ಮ ರಸ್ತೆ ಬದಿಯಲ್ಲಿ ಮರಳು ತಳ್ಳುವ ಡೋಜರುಗಳನ್ನು ದಿನಾ ನೋಡುತ್ತೇವಲ್ಲ, ಅವುಗಳ ಹೊಟ್ಟೆಯ ಕಷ್ಟ ಈಗ ಅರ್ಥವಾಗುತ್ತದೆ.

ಹುಡುಗ ತನ್ನ ಲೆಕ್ಕ ಹೇಳಿದ. ನಿಜವಾದ ಶರ್ಮನ್ ಮೂವತ್ತು ಟನ್. ಅಳತೆ ಹದಿನಾರನೇ ಒಂದು ಆದರೆ ತೂಕ ಹದಿನಾರನೇ ಒಂದಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 16 ಗುಣಿಸು 16 ಗುಣಿಸು 16, ಅಂದರೆ 4,096ನೇ ಒಂದು. ಏಳು ಕಿಲೋ ಚಿಲ್ಲರೆ ಬರಬೇಕು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಅವನ ಪ್ಲಾಸ್ಟಿಕ್ ಟ್ಯಾಂಕು ಅದರ ಅರ್ಧವೂ ತೂಗಲಿಲ್ಲ. ಅದಕ್ಕೇ ಹಗುರ ಟ್ಯಾಂಕು ಕಲ್ಲಿನ ಮೇಲೆ ಕುಣಿಯುತ್ತದೆ, ಲೋಹದ ಟ್ರ್ಯಾಕು ಬಿದ್ದರೆ ನೆಲ ಹಿಡಿಯುತ್ತದೆ. ಆದರೆ ತೂಕ ಹೆಚ್ಚಿದರೆ ಒಳಗಿನ ಪ್ಲಾಸ್ಟಿಕ್ ಗೇರಿಗೆ ಹೊರೆ. ಟ್ರ್ಯಾಕ್ ಒಂದನ್ನೇ ಮೇಲ್ದರ್ಜೆಗೆ ಏರಿಸಲಾಗುವುದಿಲ್ಲ. ಅದರ ಹಿಂದೆ ಹಲ್ಲುಚಕ್ರ, ಅದರ ಹಿಂದೆ ಐಡ್ಲರು, ಅದರ ಹಿಂದೆ ಉಕ್ಕಿನ ಗೇರು, ಅದರ ಹಿಂದೆ ಅಪ್ಪನ ಪರ್ಸು.

ಮಾರನೇ ದಿನ ಬಾಮೈದ ಎಲ್ಲರನ್ನೂ ಊರು ತೋರಿಸಲು ಕರೆದೊಯ್ದ. ಕ್ಯಾಟರ್ಪಿಲ್ಲರ್ ಕಂಪನಿ 2022ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಇಲಿನಾಯ್‌ನಿಂದ ಅರ್ವಿಂಗ್‌ಗೆ ತರುವುದಾಗಿ ಪ್ರಕಟಿಸಿತ್ತು. ಅದು ಈ ಊರಲ್ಲೇ ಇದೆ ಎಂದು ತಿಳಿದಾಗ ಮಾವನವರು, "ಒಂದ್ಸಲ ನೋಡ್ಬೇಕು" ಎಂದರು. ಬಿಇಎಂಎಲ್‌ಗೆ ಜಪಾನಿನ ಕೊಮಾಟ್ಸು ತಂತ್ರಜ್ಞಾನ ಬಂದದ್ದು, ಕೊಮಾಟ್ಸುವಿಗೆ ಕ್ಯಾಟರ್ಪಿಲ್ಲರ್ ದೊಡ್ಡ ಎದುರಾಳಿ. ಜೀವನವಿಡೀ ಎದುರಾಳಿಯ ಹೆಸರು ಕೇಳಿದವರಿಗೆ ಅವನ ಮನೆ ನೋಡುವ ಆಸೆ. ಹೋಗಿ ನೋಡಿದರೆ ಗಾಜು ಕಲ್ಲಿನ ಕಚೇರಿ ಕಟ್ಟಡ. ಡೋಜರೂ ಇಲ್ಲ, ಚೈನೂ ಇಲ್ಲ. ಅಂಗಳದಲ್ಲಿ ನೀರು ದಾಟಿ ಓಡುವ ಒಂಬತ್ತು ಕಂಚಿನ ಕುದುರೆಗಳು ಮಾತ್ರ, 1984ರಿಂದ ಇರುವ ಹೆಸರಾಂತ ಶಿಲ್ಪ. ಮಾವನವರು ಕುದುರೆಗಳ ಪಕ್ಕ ಕೂತು, "ಗ್ರೀಸ್ ವಾಸನೇನೇ ಇಲ್ವಲ್ಲಪ್ಪ" ಎಂದು ನಿಟ್ಟುಸಿರಿಟ್ಟರು.

ಟ್ಯಾಂಕಿಗೂ ಡೋಜರಿಗೂ ಅಜ್ಜ ಒಬ್ಬನೇ. 1904ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಬಳಿ ಬೆಂಜಮಿನ್ ಹೋಲ್ಟ್ ತನ್ನ ಉಗಿ ಟ್ರ್ಯಾಕ್ಟರಿನ ಚಕ್ರ ತೆಗೆದು ಮರದ ಪಟ್ಟಿಗಳ ಸರಪಳಿ ಕಟ್ಟಿದ. ಅಲ್ಲಿನ ಮೆತ್ತನೆ ಭೂಮಿಯಲ್ಲಿ ಚಕ್ರ ಹೂತುಹೋಗುತ್ತಿತ್ತು, ಅಷ್ಟೇ ಕಾರಣ. ಹನ್ನೆರಡು ವರ್ಷ ಕಳೆದು 1916ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಬ್ರಿಟಿಷರ ಟ್ಯಾಂಕುಗಳು ಸರಪಳಿಯ ಮೇಲೆ ತೆವಳಿ ಬಂದವು. ಹೋಲ್ಟ್ ಕಂಪನಿಯೂ ಅದರ ಎದುರಾಳಿ ಬೆಸ್ಟ್ ಕಂಪನಿಯೂ 1925ರಲ್ಲಿ ಒಂದಾಗಿ ಕ್ಯಾಟರ್ಪಿಲ್ಲರ್ ಆಯಿತು.

ಆ ರಾತ್ರಿ ಗ್ಯಾರೇಜಿನಲ್ಲಿ ಬಾಮೈದ ನಮ್ಮನ್ನು ಪಕ್ಕಕ್ಕೆ ಕರೆದ. "ಭಾವ, ಸೆಪ್ಟೆಂಬರ್ ಟಿಕೆಟ್ ಕ್ಯಾನ್ಸಲ್ ಮಾಡೋಣ ಅಂತ. ವೀಸಾ ವಿಸ್ತರಣೆಗೆ ಹಾಕ್ತೀನಿ, ಆಮೇಲೆ ಗ್ರೀನ್ ಕಾರ್ಡ್. ಬಂಗಾರಪೇಟೆ ಮನೆಗೆ ಒಬ್ಬರು ಕೇಳ್ತಿದಾರೆ, ಕೊಟ್ಟುಬಿಡೋಣ. ಹೀಗಿರೋರನ್ನ ಅಲ್ಲಿ ಒಬ್ಬರನ್ನೇ ಹೇಗೆ ಬಿಡೋದು? ನೀವೇ ಅಪ್ಪನಿಗೆ ಹೇಳ್ಬೇಕು. ನೀವು ಆಸ್ಪತ್ರೆಯವರು, ನಿಮ್ಮ ಮಾತು ಕೇಳ್ತಾರೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾವೂ ಹೂಂ ಎಂದೆವು. ಮಾವನವರಿಗೆ ಹೇಳುವುದನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡಿದೆವು. ಬೆಳಿಗ್ಗೆ ಅವರನ್ನು ನೋಡಿದರೆ ಹೇಳಬೇಕೆನಿಸುತ್ತಿತ್ತು, ಮಧ್ಯಾಹ್ನ ಹುಡುಗನ ಜೊತೆ ಅರ ಹಿಡಿದು ಕೂತಾಗ ಬಾಯಿ ಬರುತ್ತಿರಲಿಲ್ಲ.

ಲೋಹದ ಹಲ್ಲುಚಕ್ರ ಆಸ್ಟಿನ್‌ನ ಒಂದು ಹಾಬಿ ಅಂಗಡಿಯಲ್ಲಿ ಇದೆ ಎಂದು ಹುಡುಗ ಪತ್ತೆ ಮಾಡಿದ. ಇಂಟರ್‌ಸ್ಟೇಟ್ 35ರಲ್ಲಿ ದಕ್ಷಿಣಕ್ಕೆ ಇನ್ನೂರು ಮೈಲಿ. ಹೇಗೂ ಅಲ್ಲಿಂದ ಹ್ಯೂಸ್ಟನ್‌ಗೆ, ನಮ್ಮ ಜೊತೆ ಡಿಪ್ಲೊಮಾ ಓದಿದ ಗೆಳೆಯನ ಮನೆಗೆ ಹೋಗುವುದಿತ್ತು. ಬಾಮೈದನಿಗೆ ಆಫೀಸು, ಅವನ ದೊಡ್ಡ ವ್ಯಾನು ತೆಗೆದುಕೊಂಡು ಮಾವನವರು, ಹುಡುಗ, ನಾವು ನಾಲ್ವರು ಹೊರಟೆವು. ಟೆಂಪಲ್ ಎಂಬ ಊರಿನ ಬಕ್ಕೀಸ್ ಪೆಟ್ರೋಲ್ ಬಂಕಿನಲ್ಲಿ ಇಳಿದಾಗ ನಮ್ಮ ಮಗಳು, "ಇದು ಬಂಕಾ, ಲುಲು ಮಾಲಾ?" ಎಂದಳು.

ಆಸ್ಟಿನ್‌ನಲ್ಲಿ ಸ್ಪ್ರಾಕೆಟ್ಟೂ ಐಡ್ಲರೂ ಸಿಕ್ಕವು. ಅಂಗಡಿಯಾತ ಒಳ್ಳೆ ಮಾತು ಹೇಳಿದ: ಹೊಸ ಟ್ರ್ಯಾಕನ್ನು ಕೂಡಲೇ ನೆಲಕ್ಕೆ ಬಿಡಬೇಡಿ, ಎರಕದ ಚೂಪು ಅಂಚುಗಳನ್ನು ಅರದಿಂದ ಉಜ್ಜಿ, ಟ್ಯಾಂಕನ್ನು ಕಟ್ಟೆಯ ಮೇಲೆ ಎತ್ತಿಟ್ಟು ಗಾಳಿಯಲ್ಲೇ ಅರ್ಧ ಗಂಟೆ ತಿರುಗಿಸಿ. ಹುಡುಗ ಕನ್ನಡದಲ್ಲಿ ಹೇಳಿದಾಗ ಮಾವನವರು ತಲೆಯಾಡಿಸಿದರು, "ರನ್ನಿಂಗ್ ಇನ್. ಗೊತ್ತಿರೋನು."

ಅಲ್ಲೇ ಕ್ಯಾಂಪ್ ಮೇಬ್ರಿ ಎಂಬ ಸೈನಿಕ ಠಾಣೆ ಇದೆ, 1892ರಿಂದ ಇರುವುದು. ಅದರೊಳಗಿನ ಟೆಕ್ಸಸ್ ಸೈನ್ಯದ ಮ್ಯೂಸಿಯಂ ನೋಡಲು ದುಡ್ಡಿಲ್ಲ, ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು ಅಷ್ಟೆ. ಒಳಗೆ ನಿಜವಾದ ಶರ್ಮನ್. ಟೆಕ್ಸಸ್‌ನ 36ನೇ ಡಿವಿಷನ್ 1943ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಸಲೆರ್ನೊ ದಂಡೆಯಲ್ಲಿ ಇಳಿದ ಕತೆ ಅಲ್ಲಿದೆ. ಆ ಚಳಿಗಾಲದ ಇಟಲಿಯ ಕೆಸರಿನಲ್ಲಿ ಶರ್ಮನ್‌ನ ಹದಿನಾರು ಇಂಚು ಚಿಲ್ಲರೆ ಅಗಲದ ಟ್ರ್ಯಾಕು ಹೂತುಹೋಗುತ್ತಿತ್ತು. ಅಗಲ ಟ್ರ್ಯಾಕಿನ ಜರ್ಮನ್ ಟ್ಯಾಂಕು ದಾಟುವ ಗದ್ದೆಯಲ್ಲಿ ಇದು ಸಿಕ್ಕಿಬೀಳುತ್ತಿತ್ತು. ಆಮೇಲೆ ಟ್ರ್ಯಾಕಿನ ಅಂಚಿಗೆ ಬಾತುಕೋಳಿಯ ಕೊಕ್ಕಿನಂಥ ಕಬ್ಬಿಣದ ತುಂಡುಗಳನ್ನು ಸೇರಿಸಿ ಅಗಲ ಮಾಡಿದರು. ಯುದ್ಧದ ಕೊನೆಯ ಹೊತ್ತಿಗೆ ಬಂದ ಹೊಸ ಶರ್ಮನ್‌ಗಳಿಗೆ ಇಪ್ಪತ್ಮೂರು ಇಂಚಿನ ಟ್ರ್ಯಾಕು, ಅದಕ್ಕೆ ತಕ್ಕ ಹೊಸ ಸಸ್ಪೆನ್ಷನ್ನು. ಹಿತ್ತಲಲ್ಲಿ ನಮ್ಮ ಹುಡುಗ ಪಟ್ಟ ಪಾಡನ್ನು ಒಂದು ಸೈನ್ಯವೇ ಪಟ್ಟಿತ್ತು.

ಒಂದು ಬದಿಗೆ ಎಪ್ಪತ್ತೊಂಬತ್ತು ಕೊಂಡಿ. ಹುಡುಗ ಎಣಿಸಲು ಶುರುಮಾಡಿದ, ಮಾವನವರು ಟ್ರ್ಯಾಕಿನ ಪಕ್ಕ ನಿಂತು ಕೈ ಹಿಂದೆ ಕಟ್ಟಿ ಬಗ್ಗಿ ನೋಡುತ್ತಿದ್ದರು. ರಷ್ಯಾದವರ ಟಿ-34 ಟ್ಯಾಂಕಿನ ಬಗ್ಗೆ ಹುಡುಗ ಓದಿದ್ದನ್ನು ಹೇಳಿದ: ಅದರ ಪಿನ್ನಿಗೆ ಹೊರಗಡೆ ಲಾಕೇ ಇಲ್ಲ, ತಲೆ ಒಳಗಡೆಗೆ ಇರುತ್ತದೆ, ಪಿನ್ನು ಅಲುಗಿ ಆಚೆ ಬಂದರೆ ಟ್ಯಾಂಕಿನ ಮೈಗೆ ಬೆಸೆದ ಓರೆ ಪಟ್ಟಿ ಅದನ್ನು ತಟ್ಟಿ ಒಳಗೆ ಕಳಿಸುತ್ತದೆ. ಪ್ರತಿ ಸುತ್ತಿಗೂ ಒಂದು ಸುತ್ತಿಗೆ ಪೆಟ್ಟು. ಮಾವನವರು ಅದನ್ನು ಕೇಳಿ ಮೊದಲ ಸಲ ಗಟ್ಟಿಯಾಗಿ ನಕ್ಕರು. "ಖರ್ಚಿಲ್ದ ಕೆಲಸ! ನಮ್ ಫೋರ್‌ಮನ್ ಇದ್ದಿದ್ರೆ ಅವನಿಗೆ ಇನಾಮು ಕೊಟ್ಟಿರೋನು."

ಹ್ಯೂಸ್ಟನ್‌ನಲ್ಲಿ ಎರಡು ರಾತ್ರಿ ಉಳಿದೆವು. ಗೆಳೆಯ ಅಲ್ಲಿ ಫಾರ್ಮಸಿ ಟೆಕ್ನಿಷಿಯನ್. ನಮ್ಮ ಡಿಪ್ಲೊಮಾಕ್ಕೆ ಅಲ್ಲಿ ಫಾರ್ಮಸಿಸ್ಟ್ ಲೈಸೆನ್ಸು ಸಿಗುವುದಿಲ್ಲ, ಅವನು ಅದನ್ನು ಎಂದೋ ನುಂಗಿಕೊಂಡಿದ್ದಾನೆ. ಅವನ ಮನೆಯಲ್ಲಿ ಎಲ್ಲರೂ ತಡ, ತಿಂಡಿಯೂ ತಡ. ಮೊದಲ ಬೆಳಿಗ್ಗೆ ಮಾವನವರು ಅಭ್ಯಾಸದಂತೆ ಏಳೂವರೆಗೆ ಮಾತ್ರೆ ನುಂಗಿ ಕೂತರು. ಇಡ್ಲಿ ಬಂದದ್ದು ಒಂಬತ್ತಕ್ಕೆ. ಎಂಟೂಕಾಲಕ್ಕೆ ನಾವು ಹಲ್ಲುಜ್ಜಿ ಬಂದರೆ ಮಾವನವರು ಅಡುಗೆಮನೆಯ ಮೇಜಿನಲ್ಲಿ ಚಿಮಟದಿಂದ ಟ್ರ್ಯಾಕಿನ ಪಿನ್ನು ಹಿಡಿದು ರಂಧ್ರಕ್ಕೆ ಇಳಿಸುತ್ತಿದ್ದಾರೆ! ಸೂಜಿಗಿಂತ ಸ್ವಲ್ಪ ದಪ್ಪದ ಪಿನ್ನು. ಕೈ ನಡುಗುತ್ತಿಲ್ಲ.

ನಾವು, ಹೊಸ ಜಾಗದ ಉತ್ಸಾಹ ಇರಬೇಕು ಎಂದುಕೊಂಡೆವು. ದೊಡ್ಡ ಫಾರ್ಮಸಿಸ್ಟು!

ಅವತ್ತು ಸ್ಪೇಸ್ ಸೆಂಟರಿಗೆ ಹೋದೆವು. ಮಲಗಿಸಿಟ್ಟ ಸ್ಯಾಟರ್ನ್-5 ರಾಕೆಟ್ಟನ್ನು ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದರೆ ಮಾವನವರು ಕೇಳಿದ್ದು, "ಇದನ್ನ ಉಡಾವಣೆ ಜಾಗಕ್ಕೆ ಎಳ್ಕೊಂಡು ಹೋಗಿದ್ದು ಯಾವುದು?" ಎಂದು. ಅದು ಫ್ಲಾರಿಡಾದಲ್ಲಿರುವ ಕ್ರಾಲರ್. 1965ರ ಯಂತ್ರ, ಇವತ್ತಿಗೂ ದುಡಿಯುತ್ತಿದೆ. ಎಂಟು ಚೈನು, ಒಂದೊಂದಕ್ಕೆ ಐವತ್ತೇಳು ಪಟ್ಟಿ, ಒಂದೊಂದು ಪಟ್ಟಿ ಹತ್ತಿರ ಹತ್ತಿರ ಒಂದು ಟನ್. ಹೊರೆ ಹೊತ್ತಾಗ ಗಂಟೆಗೆ ಒಂದು ಮೈಲಿ ವೇಗ, ನಮ್ಮೂರ ತೇರಿನ ಹಾಗೆ. ಆ ಪಟ್ಟಿಗಳಲ್ಲಿ ಬಿರುಕು ಕಂಡು, ಈ ಶತಮಾನದ ಆರಂಭದಲ್ಲಿ 456 ಪಟ್ಟಿಗಳನ್ನೂ ಹೊಸದಾಗಿ ಎರಕ ಹೊಯ್ಯಿಸಿ ಬದಲಿಸಿದರು. ಹುಡುಗ ಓದಿ ಹೇಳಿದ. ಮಾವನವರು ರಾಕೆಟ್ಟಿಗೆ ಬೆನ್ನು ಹಾಕಿ ನಿಂತು ಅದನ್ನೇ ಕೇಳಿದರು.

ಎರಡನೇ ಬೆಳಿಗ್ಗೆಯೂ ಹಾಗೇ, ಎಂಟೂಕಾಲಕ್ಕೆ ಕೈ ಸಲೀಸು. ಗೆಳೆಯ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತು, "ಚೆನ್ನಾಗೇ ಇದಾರಲ್ಲೋ. ಅರ್ವಿಂಗ್‌ನಲ್ಲಿ ಮಾತ್ರೆ ಏನರ ಜೊತೆ ಕೊಡ್ತಾರೆ?" ಎಂದ.

ಆ ಒಂದು ಪ್ರಶ್ನೆ. ನಾವು ಕಿಟಕಿಯ ಹಿಂದೆ ನಿಂತು ಸಾವಿರ ಸಲ ಬೇರೆಯವರಿಗೆ ಕೇಳಿದ ಪ್ರಶ್ನೆ. ಲೆವೊಡೋಪಾ ಇರುವ ಮಾತ್ರೆ ಕೊಡುವಾಗ ನಾವು ಗಿಳಿಪಾಠದಂತೆ ಹೇಳುತ್ತೇವೆ: ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ, ಕಬ್ಬಿಣದ ಮಾತ್ರೆಯ ಜೊತೆ ಬೇಡ. ಲೆವೊಡೋಪಾ ಸ್ವತಃ ಒಂದು ಅಮೈನೋ ಆಮ್ಲ. ಪ್ರೋಟೀನು ಜೀರ್ಣವಾದಾಗ ಬರುವುದೂ ಅಮೈನೋ ಆಮ್ಲಗಳೇ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲು ಎರಡಕ್ಕೂ ಒಂದೇ. ನೂಕುನುಗ್ಗಲಿನಲ್ಲಿ ಔಷಧ ಹಿಂದೆ ಉಳಿಯುತ್ತದೆ. ಕಬ್ಬಿಣ ಇದ್ದರೆ ಅದು ಹೊಟ್ಟೆಯಲ್ಲೇ ಔಷಧವನ್ನು ಹಿಡಿದು ಕಟ್ಟಿಹಾಕುತ್ತದೆ. ಅರ್ವಿಂಗ್‌ನಲ್ಲಿ ದಿನಾ ಬೆಳಿಗ್ಗೆ ಏಳೂವರೆಗೆ ಬಾಮೈದನ ಹೆಂಡತಿ, ವರಸೆಯಲ್ಲಿ ನಮಗೆ ತಂಗಿ, ಮಾವನವರ ಕೈಗೆ ಮಾತ್ರೆ, ಒಂದು ವಿಟಮಿನ್, ದೊಡ್ಡ ಲೋಟ ಪ್ರೋಟೀನ್ ಪುಡಿ ಕಲಸಿದ ಹಾಲು ಕೊಡುತ್ತಿದ್ದುದನ್ನು ನಾವೇ ಕಣ್ಣಾರೆ ನೋಡಿದ್ದೆವು. ನೋಡಿ, "ಎಷ್ಟು ಚೆನ್ನಾಗಿ ನೋಡ್ಕೋತಿದೀಯಮ್ಮ" ಎಂದೂ ಹೇಳಿದ್ದೆವು.

ವಾಪಸು ಬರುವಾಗ ಇಂಟರ್‌ಸ್ಟೇಟ್ 45ರ ಇನ್ನೂರ ನಲವತ್ತು ಮೈಲಿ ನಮಗೆ ಮಾತು ಹೊರಡಲಿಲ್ಲ. ಮನೆಗೆ ಬಂದು ಬಾಟಲಿ ತಿರುಗಿಸಿ ನೋಡಿದರೆ ವಿಟಮಿನ್ನಿನಲ್ಲಿ 18 ಮಿಲಿಗ್ರಾಂ ಕಬ್ಬಿಣ. ಮನೆಮಂದಿಗೆಲ್ಲ ಒಂದೇ ಬಾಟಲಿ. ಮಾವನವರ ಮಾತ್ರೆ ಊರಿನಿಂದ ತಂದದ್ದು, ಸರಿಯಾದದ್ದೇ, ಅದನ್ನೂ ಪರೀಕ್ಷಿಸಿದೆವು. ನಮ್ಮ ದೇಶದ ಸಿಂಡೋಪಾ 110, 275 ಎಂಬ ಸಂಖ್ಯೆಗಳು ಎರಡು ಔಷಧದ ಮೊತ್ತ, ಅಮೆರಿಕದಲ್ಲಿ ಅದನ್ನೇ 10-100, 25-250 ಎಂದು ಬಿಡಿಸಿ ಬರೆಯುತ್ತಾರೆ. ವಿದೇಶದಲ್ಲಿ ತಂದೆತಾಯಿಯರ ಮಾತ್ರೆ ಮುಗಿದು ಅಲ್ಲಿನದನ್ನು ಕೊಳ್ಳುವವರು ಇದನ್ನು ನೆನಪಿಡಿ, ಗೊಂದಲವಾಗಿ ಬಂದವರನ್ನು ನಾವು ಕಂಡಿದ್ದೇವೆ.

ಕಷ್ಟವಾದದ್ದು ಬಾಟಲಿ ಓದುವುದಲ್ಲ, ತಂಗಿಗೆ ಹೇಳುವುದು. ಆಫೀಸಿಗೆ ಹೋಗುವ ಗಡಿಬಿಡಿಯಲ್ಲೂ ಮಾವ ಸೊರಗಿದ್ದಾರೆಂದು ದಿನಾ ಹಾಲು ಕಲಸಿದವಳು. ಮನೆಯವರು, "ನೀವು ಹೇಳಬೇಡಿ, ನಾನು ಹೇಳ್ತೀನಿ" ಎಂದರು. ನಾವೇ ಹೇಳಿದೆವು. ಅವಳು ಸಿಂಕಿನ ಮುಂದೆ ಹಾಗೇ ನಿಂತಳು. "ನಾನೇ ಕೊಟ್ಟೆನಲ್ಲ ಅಣ್ಣಾ, ಮೂರು ತಿಂಗಳು." ಐದು ದಿನ ಇದೇ ಮನೆಯಲ್ಲಿ ಕೂತು ನೋಡಿದ್ದು ನಾವು, ಓದಿದ್ದೂ ನಾವು, ನಿನಗೆ ಯಾರೂ ಹೇಳಿರಲಿಲ್ಲ ಎಂದೆವು. ಸಮಾಧಾನ ಆಯಿತೋ ಇಲ್ಲವೋ. ಅವಳು ಹಾಲಿನ ಲೋಟವನ್ನು ಹತ್ತು ಗಂಟೆಗೆ ಸರಿಸಿದಳು, ವಿಟಮಿನ್ ಬಾಟಲಿಯನ್ನು ಮಾವನವರ ತಟ್ಟೆಯಿಂದ ತೆಗೆದಳು. ಅವತ್ತೇ ರಾತ್ರಿ ಬೆಂಗಳೂರಿನ ಅವರ ನರರೋಗ ವೈದ್ಯರಿಗೆ ವಿಡಿಯೊ ಕರೆ ಮಾಡಿದೆವು, ಅಲ್ಲಿ ಆಗ ಬೆಳಗು. ಅವರು ಕೇಳಿ, ಮಾತ್ರೆಯ ಪ್ರಮಾಣ ಸದ್ಯ ಹೆಚ್ಚಿಸುವುದು ಬೇಡ, ಎರಡು ವಾರ ಹೀಗೇ ನೋಡೋಣ ಎಂದರು. ಪ್ರೋಟೀನು ನಿಲ್ಲಿಸಬೇಡಿ, ಹೊತ್ತು ಬದಲಿಸಿ ಎಂದೂ ಒತ್ತಿ ಹೇಳಿದರು. ಮನೆಯಲ್ಲಿ ಇಂಥ ರೋಗಿ ಇರುವ ಓದುಗರು ನಮ್ಮ ಅಂಕಣ ಓದಿ ಏನನ್ನೂ ಬದಲಿಸಬೇಡಿ, ನಿಮ್ಮ ವೈದ್ಯರನ್ನು ಕೇಳಿ.

ಕಾಯಿಲೆ ಹೋಗಲಿಲ್ಲ. ಸಂಜೆಯ ಹೊತ್ತು ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವುದು ಹಾಗೇ ಇತ್ತು. ಆದರೆ ಬೆಳಗುಗಳು ವಾಪಸು ಬಂದವು. ಎಂಟೂವರೆಯಿಂದ ತಾತ ಮೊಮ್ಮಗನ ಕಾರ್ಖಾನೆ ಶುರು. ಟ್ರ್ಯಾಕು ಬಿಗಿ ಎಷ್ಟಿರಬೇಕು ಎಂದು ಎರಡು ದಿನ ವಾದ ನಡೆಯಿತು. ಹುಡುಗ ವೀಣೆ ತಂತಿಯ ಹಾಗೆ ಬಿಗಿದಿದ್ದ, ಮಾವನವರು ಒಂದು ಕೊಂಡಿ ಸೇರಿಸಿ, ಬೆರಳಿನಲ್ಲಿ ಒತ್ತಿ ತೋರಿಸಿದರು, "ಇಷ್ಟು ಸಡಿಲ ಬೇಕು. ಬಿಗಿ ಇದ್ರೆ ಗೇರು ತಿನ್ನತ್ತೆ, ಸಡಿಲ ಇದ್ರೆ ಕಳಚ್ಕೊಳತ್ತೆ." ಡೋಜರಿನಲ್ಲಾದರೆ ಗ್ರೀಸ್ ಗನ್ನಿನಿಂದ ಒತ್ತಿ ಐಡ್ಲರನ್ನು ಮುಂದೆ ತಳ್ಳುತ್ತಾರೆ, ಇಲ್ಲಿ ಕೊಂಡಿ ಎಣಿಸಬೇಕು. ಪಿನ್ನುಗಳ ತಲೆಯನ್ನೆಲ್ಲ ಒಳಮುಖ ಮಾಡಿಸಿದರು, ಟಿ-34ರ ಹಾಗೆ. ಹೊರಡುವ ಹಿಂದಿನ ದಿನ ಟ್ಯಾಂಕು ಹಿತ್ತಲಿನ ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ, ಪೈಪಿನ ಕೆಸರಿನಲ್ಲಿ, ಬೇಲಿಯ ಸುತ್ತ ಓಡಿತು. ಕಳಚಲಿಲ್ಲ. ಬಾಮೈದ ಆಫೀಸಿನಿಂದ ಬಂದವನು ಟೈ ಸಡಿಲಿಸಿ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ನೋಡುತ್ತಿದ್ದದ್ದು ಟ್ಯಾಂಕನ್ನಲ್ಲ.

ಟಿಕೆಟ್ಟಿನ ಮಾತನ್ನು ಅವನಾಗಿ ಮತ್ತೆ ಎತ್ತಲಿಲ್ಲ. ಎತ್ತಿದ್ದು ಮಾವನವರು, ಊಟದ ಹೊತ್ತಿಗೆ. "ಸೆಪ್ಟೆಂಬರ್‌ಗೆ ಹೋಗ್ತೀನಪ್ಪ. ಮನೆ ಕೊಡೋ ವಿಷಯ ನನ್ನ ಕಿವಿಗೂ ಬಿದ್ದಿದೆ. ನಾನಿದ್ದಾಗ ಬೇಡ." ಬಾಮೈದ ಅನ್ನ ಕಲಸುತ್ತಾ ತಲೆ ಎತ್ತಲಿಲ್ಲ. ಕೊನೆಗೆ, ರಾತ್ರಿ ಇರಲು ಒಬ್ಬರನ್ನು ಗೊತ್ತು ಮಾಡುವುದು, ದಿನಾ ಬೆಳಿಗ್ಗೆ ವಿಡಿಯೊ ಕರೆ, ಆರು ತಿಂಗಳಿಗೆ ಮತ್ತೆ ಯೋಚನೆ ಎಂದಾಯಿತು. ಇದು ಸರಿಯೋ ತಪ್ಪೋ ನಮಗೆ ಇನ್ನೂ ಖಚಿತವಿಲ್ಲ. ಬಂಗಾರಪೇಟೆಯಲ್ಲಿ ಬಚ್ಚಲಿನಲ್ಲಿ ಜಾರಿದರೆ ಎಂಬ ಹೆದರಿಕೆ ನಮ್ಮ ಮನೆಯವರಿಗೆ ಪ್ರತಿ ರಾತ್ರಿ ಇದೆ.

ಅಕ್ಟೋಬರ್‌ನಲ್ಲಿ ಒಂದು ಶುಕ್ರವಾರ ನಾವು ಇಲ್ಲಿ ರಜೆಯಲ್ಲಿ ಮಲಗಿದ್ದಾಗ ಫೋನು ಹೊಡೆದುಕೊಂಡಿತು. ಅರ್ವಿಂಗ್, ಬಂಗಾರಪೇಟೆ, ನಾವು, ಮೂರೂ ಕಡೆ ಒಂದೇ ಕರೆಯಲ್ಲಿ. ಹುಡುಗ ಟ್ಯಾಂಕನ್ನು ತಲೆಕೆಳಗು ಹಿಡಿದಿದ್ದ. "ತಾತಾ, ಒಂದು ಪಿನ್ ಹೊರಗೆ ಬಂದಿದೆ."

ಬಂಗಾರಪೇಟೆಯ ಪರದೆಯಲ್ಲಿ ಕನ್ನಡಕ ಹತ್ತಿರ ಬಂತು. "ಬಲಗಡೇದಾ, ಎಡಗಡೇದಾ? ತಲೆ ಯಾವ ಕಡೆ ಇಟ್ಟಿದೀಯ, ತೋರಿಸು."